ಸಮುದ್ರ ಆಮೇಲೆ... ಮೊದಲು ಕೋಡಂಬಾಕಂ!

ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಈ ಪುಟ ತಿರುವುತ್ತಿರುವ ಗೆಳೆಯರೇ, ನಿಮಗೊಂದು ಪ್ರಶ್ನೆ. ಗೊಟಗೋಡಿಯ ಮಗ್ಗುಲಲ್ಲಿ ಹಗಲೂ ರಾತ್ರಿ ಲಾರಿಗಳು ಗುಡುಗುತ್ತಾ ಓಡುವ ಹೆದ್ದಾರಿ ಇದೆಯಲ್ಲ, ಅದು ಕೊನೆಗೆ ಹೋಗಿ ಮುಟ್ಟುವುದೆಲ್ಲಿಗೆ? ‘ಬೆಂಗಳೂರಿಗೆ’ ಎನ್ನುತ್ತೀರಿ. ಅರ್ಧ ಮಾರ್ಕು! ಬೆಂಗಳೂರು ನಡುವೆ ಸಿಗುವ ಊರು ಅಷ್ಟೆ. ಮೊದಲು 4ನೇ ನಂಬರಿನದಾಗಿದ್ದು ಈಗ 48 ಆಗಿರುವ ಆ ರಸ್ತೆ ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ, ಬೆಂಗಳೂರನ್ನೂ ಹಿಂದೆ ಹಾಕಿ, ಹೊಸೂರು, ಕೃಷ್ಣಗಿರಿ, ವೆಲ್ಲೂರು ಕಳೆದು ನಿಲ್ಲುವುದು ಬಂಗಾಳ ಕೊಲ್ಲಿಯ ದಡದ ಚೆನ್ನೈಯಲ್ಲಿ. 1996ರವರೆಗೆ ಅದು ಎಲ್ಲರ ಬಾಯಲ್ಲೂ ಮದ್ರಾಸು. ಹಳೆಯ ಸಿನಿಮಾ ಮಂದಿಯ ಬಾಯಲ್ಲಿ ಈಗಲೂ ಮದ್ರಾಸೇ. ನಾವೂ ಹಾಗೆಯೇ ಕರೆಯೋಣ, ಬಿಡಿ.

ಮದ್ರಾಸು ಅಂದ ಕೂಡಲೇ ನಮ್ಮ ಕಡೆಯ ಹುಡುಗರು ಮೂಗು ಮುರಿಯುವುದು ಗೊತ್ತು. ‘ಸಮುದ್ರ ನೋಡೂದಿದ್ರ ಗೋಕರ್ಣ ಐತಿ, ಕಾರವಾರ ಐತಿ. ಅಷ್ಟ್ ದೂರ ಯಾಕ್ ಹೋಗಬೇಕ್ರಿ?’ ಸರಿ. ಸಮುದ್ರಕ್ಕಾಗಿ ಹೋಗಬೇಡಿ. ಅಣ್ಣಾವ್ರಿಗಾಗಿ ಹೋಗಿ!

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡದವರು ಈ ಕಡೆ ಯಾರಿದ್ದಾರೆ? ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಎದ್ದು ನಿಂತ ಆ ತೋಟದಲ್ಲಿ ರೈತರಿದ್ದಾರೆ, ಎತ್ತುಗಳಿವೆ, ಹಳ್ಳಿಗೆ ಹಳ್ಳಿಯೇ ಮೂರ್ತಿಯಾಗಿ ನಿಂತಿದೆ. ಜೊತೆಗೆ ವರನಟ ಡಾ. ರಾಜಕುಮಾರ್ ಅವರ ಪಾತ್ರಗಳೂ ಇವೆ. ಅವುಗಳ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆಸಿಕೊಳ್ಳದೆ ವಾಪಸಾದ ಅಭಿಮಾನಿ ಇರಲಿಕ್ಕಿಲ್ಲ. ಆದರೆ ಆ ಪಾತ್ರಗಳು ಮೊದಲು ಮೈ ತಳೆದದ್ದು ಎಲ್ಲಿ? ಗಾಂಧಿನಗರದಲ್ಲಿ ಅಂದುಕೊಂಡಿದ್ದರೆ ಅದೂ ಅರ್ಧ ಮಾರ್ಕಿನ ಉತ್ತರವೇ. 1950 ಮತ್ತು 60ರ ದಶಕದ ಕನ್ನಡ ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಬಣ್ಣ ಹಚ್ಚಿದ್ದು, ಬೆಳಕು ಬಿಟ್ಟದ್ದು, ಹಾಡಿಸಿದ್ದು, ಪ್ರಿಂಟು ಹಾಕಿದ್ದು ಎಲ್ಲವೂ ಇದೇ ರಸ್ತೆಯ ಆ ತುದಿಯಲ್ಲಿ!

ಹಾಗಾಗಿ ಈ ವಾರ ನಮ್ಮ ಸವಾರಿ ಮದ್ರಾಸಿಗೆ. ಒಂದೇ ಒಂದು ದಿನದ ಪ್ರವಾಸ.

ಸೆಂಟ್ರಲ್‌ನಲ್ಲಿ ಇಳಿದ ಹಳ್ಳಿ ಹುಡುಗ

ಹಳೆಯ ಸಿನಿಮಾಗಳಲ್ಲಿ ಹೀರೋ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬರುವ ದೃಶ್ಯ ನೆನಪಿದೆಯೇ? ಕೆಂಪು ಕಟ್ಟಡ, ಅದರ ನೆತ್ತಿಯಲ್ಲಿ ಗಡಿಯಾರದ ಗೋಪುರ, ಕೈಯಲ್ಲಿ ತಗಡಿನ ಟ್ರಂಕು ಹಿಡಿದು ಕಣ್ಣರಳಿಸಿ ನಿಂತ ಹುಡುಗ. ಅದೇ ಮದ್ರಾಸು ಸೆಂಟ್ರಲ್. 1873ರ ಕಟ್ಟಡ. 2019ರಿಂದ ಅದರ ಹೆಸರಿನಲ್ಲಿ ಎಂ.ಜಿ. ರಾಮಚಂದ್ರನ್ ಸೇರಿಕೊಂಡಿದ್ದಾರೆ. ರೈಲು ನಿಲ್ದಾಣಕ್ಕೆ ಸಿನಿಮಾ ಹೀರೋನ ಹೆಸರಿಟ್ಟ ಊರು ಇದು, ಸ್ವಾಮಿ! ಹೀರೋ ಮುಖ್ಯಮಂತ್ರಿಯೂ ಆಗಿದ್ದರು ಅನ್ನುವುದು ಬೇರೆ ಮಾತು.

ಅದರ ಮರು ಶಾಟಿನಲ್ಲಿ ಬರುತ್ತಿದ್ದದ್ದು ಮೌಂಟ್ ರೋಡಿನ ಎಲ್.ಐ.ಸಿ. ಕಟ್ಟಡ. 1959ರಲ್ಲಿ ಎದ್ದು ನಿಂತು ಬಹಳ ಕಾಲ ಊರಿಗೆಲ್ಲ ಎತ್ತರದ್ದು ಅನ್ನಿಸಿಕೊಂಡಿದ್ದ ಕಟ್ಟಡ. ಈಗಿನ ಕಣ್ಣಿಗೆ ಅಂಥ ಎತ್ತರವೇನಲ್ಲ. ಬಸ್ಸಿನಿಂದಲೇ ಒಮ್ಮೆ ಕತ್ತೆತ್ತಿ ನೋಡಿದರೆ ಸಾಕು. ಕೋಟೆ, ಮ್ಯೂಸಿಯಂ, ಸಾಂಥೋಮ್ ಚರ್ಚು ಎಲ್ಲ ಚೆನ್ನಾಗಿಯೇ ಇವೆ. ಎರಡನೇ ದಿನ ಉಳಿಯುವವರು ನೋಡಲಿ. ನಾವು ಸೆಂಟ್ರಲ್‌ನಲ್ಲೇ ಮೆಟ್ರೋ ಹತ್ತಿ ನೇರವಾಗಿ ವಡಪಳನಿಗೆ ಹೋಗೋಣ.

ಭೂಗೋಳ ತಿರುಗುವ ಬಾಗಿಲು

ವಡಪಳನಿ ಮತ್ತು ಕೋಡಂಬಾಕಂ! ಒಂದು ಕಾಲಕ್ಕೆ ಅವಕಾಶ ಬೇಡುವವರೆಲ್ಲ ಬಂದು ಇಳಿಯುತ್ತಿದ್ದ ಜಾಗ. ಇಲ್ಲಿನ ಮುರುಗನ್ ಗುಡಿಯಲ್ಲಿ ಪೂಜೆ ಮಾಡಿಸಿ ಮುಹೂರ್ತಕ್ಕೆ ಹೊರಡುವುದು ಸಿನಿಮಾ ಮಂದಿಯ ಹಳೆಯ ಪದ್ಧತಿ. ಗುಡಿಗೆ ಕೈ ಮುಗಿದು ಎ.ವಿ.ಎಂ. ಸ್ಟುಡಿಯೋ ಕಡೆ ನಡೆಯಿರಿ. ಬಾಗಿಲಲ್ಲೇ ದೊಡ್ಡದೊಂದು ಭೂಗೋಳ. ಹೌದು, ತಿರುಗುವ ಭೂಗೋಳ! ಫೋಟೋ ತೆಗೆಸಿಕೊಳ್ಳಿ. ಆದರೆ ತೆಗೆಸಿಕೊಳ್ಳುವ ಮೊದಲು ಈ ಕಥೆ ಕೇಳಿ.

1954. ಗುಬ್ಬಿ ಕಂಪನಿಯಿಂದ ಬಂದ ಮುತ್ತುರಾಜ ಎಂಬ ತೆಳ್ಳನೆಯ ಯುವಕ. ಗುಬ್ಬಿ ವೀರಣ್ಣನವರ ಸಂಸ್ಥೆ ಈ ಎ.ವಿ.ಎಂ. ಜೊತೆ ಕೈಗೂಡಿಸಿ ತೆಗೆದ ಸಿನಿಮಾ ‘ಬೇಡರ ಕಣ್ಣಪ್ಪ’. ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಮುತ್ತುರಾಜ ಆ ಚಿತ್ರದಿಂದ ರಾಜಕುಮಾರ್ ಆದರು. ನಗೆಯ ರಾಜ ನರಸಿಂಹರಾಜು, ಮುಂದೆ ‘ಆದಿ ಶಂಕರಾಚಾರ್ಯ’ ತೆಗೆದ ಜಿ.ವಿ. ಅಯ್ಯರ್ ಇಬ್ಬರೂ ಅದೇ ಚಿತ್ರದಲ್ಲಿದ್ದರು. ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು. ಅಣ್ಣಾವ್ರು ನಟಿಸಿದ ಒಂದೇ ಒಂದು ತೆಲುಗು ಸಿನಿಮಾ ಅದು. ಗೊಟಗೋಡಿಯ ಮೂರ್ತಿಗಳಿಂದ ಹಿಡಿದು ನಮ್ಮ ನಿಮ್ಮ ಎದೆಯಲ್ಲಿರುವ ಮೂರ್ತಿಯವರೆಗೆ ಎಲ್ಲಕ್ಕೂ ಮೊದಲ ಗೆರೆ ಎಳೆದದ್ದು ಈ ಕಣ್ಣಪ್ಪನೇ.

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ಸೋಜಿಗ. ಎ.ವಿ.ಎಂ.ನ ಮೇಯ್ಯಪ್ಪ ಚೆಟ್ಟಿಯಾರ್ 1943ರಲ್ಲಿ ಕನ್ನಡದಲ್ಲಿ ‘ಸತ್ಯ ಹರಿಶ್ಚಂದ್ರ’ ತೆಗೆದರು. ಸುಬ್ಬಯ್ಯ ನಾಯ್ಡು ಹರಿಶ್ಚಂದ್ರ, ಆರ್. ನಾಗೇಂದ್ರರಾಯರ ನಿರ್ದೇಶನ. ಮರುವರ್ಷ ಅದಕ್ಕೆ ತಮಿಳು ಮಾತು ಕೂಡಿಸಿ ಬಿಡುಗಡೆ ಮಾಡಿದರು. ಭಾರತದಲ್ಲಿ ಡಬ್ಬಿಂಗ್ ಎಂಬ ವಿದ್ಯೆ ಶುರುವಾದದ್ದು ಅಲ್ಲಿಂದ ಎಂದು ಚಿತ್ರ ಚರಿತ್ರೆ ಬರೆದವರು ಹೇಳುತ್ತಾರೆ. ಡಬ್ಬಿಂಗ್ ಬೇಡ ಎಂದು ದಶಕಗಟ್ಟಲೆ ಹೋರಾಡಿದ್ದು ನಾವು. ಮೊದಲು ಡಬ್ ಆದದ್ದೂ ನಮ್ಮದೇ ಸಿನಿಮಾ. ಹೇಗಿದೆ?

ಒಳಗೆ 2023ರಲ್ಲಿ ಒಂದು ಮ್ಯೂಸಿಯಂ ತೆರೆದಿದ್ದಾರೆ. ಹಳೆಯ ಕಾರುಗಳು, ಹಳೆಯ ಕ್ಯಾಮೆರಾಗಳು. ಕಾರಿನ ಹುಚ್ಚಿದ್ದವರು ಹೊರಗೆ ಬರಲು ಮನಸ್ಸು ಮಾಡುವುದಿಲ್ಲ, ಎಚ್ಚರಿಕೆ!

ಮದ್ರಾಸೇ ಯಾಕೆ ಬೇಕಿತ್ತು?

ಹೊಸ ಹುಡುಗರು ಕೇಳುವ ಪ್ರಶ್ನೆ ಇದು. ಕೇಳಬೇಕಾದ್ದೇ. ಸಿನಿಮಾ ಅಂದರೆ ಹೀರೋ ಮತ್ತು ಕ್ಯಾಮೆರಾ ಅಷ್ಟೇ ಅಲ್ಲವಲ್ಲ. ಸೆಟ್ಟು ಹಾಕಲು ಫ್ಲೋರು ಬೇಕು. ಅರಮನೆ ಕಟ್ಟುವ ಬಡಗಿ, ತಗಡನ್ನು ಚಿನ್ನದ ಹಾಗೆ ತೋರಿಸುವ ಬಣ್ಣದವ, ಲೈಟು ಹೊತ್ತು ಅಟ್ಟ ಹತ್ತುವವ ಬೇಕು. ವಾದ್ಯದವರು ಐವತ್ತು ಮಂದಿ ಕೂರುವಂಥ ರೆಕಾರ್ಡಿಂಗ್ ಥಿಯೇಟರು ಬೇಕು. ಫಿಲ್ಮ್ ತೊಳೆಯಲು, ಪ್ರಿಂಟು ಹಾಕಿಸಲು ಲ್ಯಾಬು ಬೇಕು. ಇವೆಲ್ಲ ಒಂದೇ ಕಡೆ ಸಿಗುತ್ತಿದ್ದದ್ದು ಇಲ್ಲಿ. ನಮ್ಮಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಇತ್ತು, 1966ರಲ್ಲಿ ಬೆಂಗಳೂರಿನ ಕಂಠೀರವ ಬಂತು. ಆದರೂ ಶೂಟಿಂಗ್ ಎಲ್ಲಿ ಮುಗಿಸಿದರೂ ಡಬ್ಬ ಹೊತ್ತು ಓಡಬೇಕಾದದ್ದು ಮದ್ರಾಸಿಗೇ. ತಮಿಳು, ತೆಲುಗಿನವರ ಮಾರುಕಟ್ಟೆ ದೊಡ್ಡದು, ಅವರಿಗೆ ದುಡ್ಡಿತ್ತು. ನಮ್ಮವರು ಸಿಕ್ಕ ಕಾಲ್‌ಶೀಟಿನಲ್ಲಿ, ಸಿಕ್ಕ ಫ್ಲೋರಿನಲ್ಲಿ ಗಡಿಬಿಡಿಯಿಂದ ಮುಗಿಸಬೇಕಿತ್ತು. ಹಾಗೆ ಮುಗಿಸಿದ ಸಿನಿಮಾಗಳೇ ಇವತ್ತಿಗೂ ಟಿ.ವಿ.ಯಲ್ಲಿ ಬಂದರೆ ಅಪ್ಪ ಮಗ ಇಬ್ಬರೂ ಕೂತು ನೋಡುತ್ತಾರೆ!

1965ರ ‘ಸತ್ಯ ಹರಿಶ್ಚಂದ್ರ’ ಇದಕ್ಕೆ ಸಾಕ್ಷಿ. ಇದು ಅಣ್ಣಾವ್ರದು, ಮೇಲೆ ಹೇಳಿದ್ದಲ್ಲ. ಕೆ.ವಿ. ರೆಡ್ಡಿಯವರು ಒಂದೇ ವರ್ಷ ಎರಡು ಭಾಷೆಯಲ್ಲಿ ಹರಿಶ್ಚಂದ್ರನನ್ನು ತೆರೆಗೆ ತಂದರು. ತೆಲುಗಿನಲ್ಲಿ ಎನ್.ಟಿ. ರಾಮರಾವ್, ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನದಲ್ಲಿ ರಾಜಕುಮಾರ್. ಗೆದ್ದದ್ದು ಯಾರು? ನಮ್ಮ ಹರಿಶ್ಚಂದ್ರ! 2008ರಲ್ಲಿ ಬಣ್ಣ ಹಚ್ಚಿಸಿಕೊಂಡು ಮತ್ತೆ ಬಂದಾಗಲೂ ಥಿಯೇಟರಿನಲ್ಲಿ ಶಿಳ್ಳೆ ಬಿದ್ದವು.

ಇಂಥ ಎಷ್ಟೋ ಪೌರಾಣಿಕಗಳ ಸೆಟ್ಟು ಕಂಡ ವಿಜಯಾ–ವಾಹಿನಿ ಸ್ಟುಡಿಯೋ ಒಂದು ಕಾಲಕ್ಕೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿತ್ತು. ಅದೂ ಇದೇ ವಡಪಳನಿಯಲ್ಲಿ. ನೀವು ಚಿಕ್ಕಂದಿನಲ್ಲಿ ‘ಚಂದಮಾಮ’ ಓದಿದವರಾದರೆ ಈ ಊರಿನ ಹೆಸರು ಆಗಲೇ ಕಂಡಿರುತ್ತೀರಿ; ಬೇತಾಳನ ಕಥೆ ಅಚ್ಚಾಗಿ ಬರುತ್ತಿದ್ದದ್ದು ವಡಪಳನಿಯಿಂದ. ಸ್ಟುಡಿಯೋ ಯಜಮಾನ ಬಿ. ನಾಗಿರೆಡ್ಡಿಯವರೇ ಗೆಳೆಯ ಚಕ್ರಪಾಣಿಯವರ ಜೊತೆ 1947ರಲ್ಲಿ ಶುರು ಮಾಡಿದ ಪತ್ರಿಕೆ ಅದು. ಈಗ ಪತ್ರಿಕೆಯೂ ಇಲ್ಲ, ಸ್ಟುಡಿಯೋವೂ ಇಲ್ಲ. ಆ ಜಾಗದಲ್ಲಿ ಆಸ್ಪತ್ರೆ ಇದೆ, ಹೋಟೆಲಿದೆ, 2013ರಲ್ಲಿ ತೆರೆದ ದೊಡ್ಡ ಮಾಲ್ ಇದೆ. ‘ವಿಜಯಾ’ ಎಂಬ ಹೆಸರು ಮಾತ್ರ ಮಾಲಿನ ಬೋರ್ಡಿನಲ್ಲಿ ಉಳಿದಿದೆ. ಒಳಗೆ ಎ.ಸಿ. ತಂಪಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಾ ಸಿನಿಮಾ ನೋಡುವ ಹುಡುಗರಿಗೆ ತಾವು ಕೂತ ನೆಲದಲ್ಲಿ ಏನೇನು ನಡೆದಿತ್ತೆಂದು ಯಾರೂ ಹೇಳುವುದಿಲ್ಲ.

ಪಕ್ಕದ ಸಾಲಿಗ್ರಾಮದಲ್ಲಿ ಪ್ರಸಾದ್ ಸ್ಟುಡಿಯೋ. ಇಳಯರಾಜಾ ದಶಕಗಳ ಕಾಲ ಕೂತು ಸಂಗೀತ ಕೊಟ್ಟ ಜಾಗ. ಆ ಇಳಯರಾಜಾ ಸಹಾಯಕರಾಗಿ ಪಳಗಿದ್ದು ನಮ್ಮ ಜಿ.ಕೆ. ವೆಂಕಟೇಶ್ ಕೈಕೆಳಗೆ ಎಂಬುದನ್ನು ಮದ್ರಾಸಿನ ಗೆಳೆಯರಿಗೆ ಧಾರಾಳವಾಗಿ ಹೇಳಿ. ಮಣಿರತ್ನಂ ಅವರ ಮೊದಲ ಸಿನಿಮಾ ಕನ್ನಡದ ‘ಪಲ್ಲವಿ ಅನುಪಲ್ಲವಿ’ (1983) ಎಂಬುದನ್ನೂ ಸೇರಿಸಿ ಹೇಳಿ! ಕಾಫಿ ಅವರೇ ಕೊಡಿಸುತ್ತಾರೆ.

ಬಣ್ಣ ಬಣ್ಣದ ಪೆನ್ನುಗಳ ಮನುಷ್ಯ

ಇನ್ನು ಜೆಮಿನಿ. ‘ಚಂದ್ರಲೇಖಾ’ (1948) ತೆಗೆದ ವಾಸನ್ ಅವರ ಸ್ಟುಡಿಯೋ. ಸ್ಟುಡಿಯೋ ಹೋಗಿ ಪಂಚತಾರಾ ಹೋಟೆಲು ಬಂದಿದೆ. ಎದುರಿನ ಮೇಲ್ಸೇತುವೆಯನ್ನು 1973ರಲ್ಲಿ ತೆರೆದು ಅಣ್ಣಾ ಹೆಸರಿಟ್ಟರು. ಜನ ಕೇಳಬೇಕಲ್ಲ! ಇವತ್ತಿಗೂ ಅದು ಜೆಮಿನಿ ಫ್ಲೈಓವರೇ.

ಅಲ್ಲಿಂದ ಕತೀಡ್ರಲ್ ರೋಡಿಗೆ ತಿರುಗಿದರೆ ‘ಸೆಮ್ಮೊಳಿ ಪೂಂಗಾ’ ಎಂಬ ಉದ್ಯಾನ ಸಿಗುತ್ತದೆ. ಹಸಿರು, ನೆರಳು, ಟಿಕೆಟು ತೆಗೆದುಕೊಂಡು ಒಳಗೆ ಹೋದರೆ ಒಂದು ಗಂಟೆ ಸುಖವಾಗಿ ಕಳೆಯಬಹುದು. ಹೆಸರಿನ ಅರ್ಥ ಶಾಸ್ತ್ರೀಯ ಭಾಷೆಯ ತೋಟ. 2010ರಲ್ಲಿ ತೆರೆದದ್ದು. (ಕನ್ನಡಕ್ಕೂ 2008ರಲ್ಲೇ ಆ ಪಟ್ಟ ಸಿಕ್ಕಿದೆ, ಹಾಗಾಗಿ ನಮಗೂ ಒಳಗೆ ಹಕ್ಕಿದೆ ಅಂದುಕೊಳ್ಳಿ!) ನಾನು ನಿಮ್ಮನ್ನು ಇಲ್ಲಿ ನಿಲ್ಲಿಸುತ್ತಿರುವುದು ಹೂವಿಗಾಗಿ ಅಲ್ಲ.

ಈ ಜಾಗದಲ್ಲಿ 1962ರಿಂದ 2008ರವರೆಗೆ ಒಂದು ಹೋಟೆಲಿತ್ತು. ವುಡ್‌ಲ್ಯಾಂಡ್ಸ್ ಡ್ರೈವ್–ಇನ್. ಕಟ್ಟಿದವರು ಉಡುಪಿ ಕಡೆಯ ಕಡಂದಲೆಯ ಕೃಷ್ಣರಾಯರು. ಕಾರಿನ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ಕಾರಿಲ್ಲದವರು ಒಳಗೆ ಒಂದು ಕಾಫಿ ತರಿಸಿ ಅರ್ಧ ದಿನ ಕೂರಬಹುದಿತ್ತು, ಏಳಿ ಅನ್ನುವವರಿರಲಿಲ್ಲ. ಅವಕಾಶ ಹುಡುಕುವ ಸಹಾಯಕ ನಿರ್ದೇಶಕರು, ಕಥೆ ಬರೆಯುವವರು, ಕಥೆ ಕದಿಯುವವರು ಎಲ್ಲರಿಗೂ ಅದೇ ಆಫೀಸು. ಅಲ್ಲೊಂದು ಮೇಜಿನಲ್ಲಿ, ತಲೆಗೆ ಟೊಪ್ಪಿಗೆ, ಜೇಬಿನಲ್ಲಿ ಬಣ್ಣ ಬಣ್ಣದ ಪೆನ್ನುಗಳು, ಮುಂದೆ ಕಾಗದದ ರಾಶಿ ಇಟ್ಟುಕೊಂಡು ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಾ ಒಬ್ಬರು ಕೂತಿರುತ್ತಿದ್ದರು. ಯಾರು ಬೇಕಾದರೂ ಹೋಗಿ ಮಾತಾಡಿಸಬಹುದಿತ್ತು.

ಪಿ.ಬಿ. ಶ್ರೀನಿವಾಸ್!

ಕಾಕಿನಾಡದಲ್ಲಿ ಹುಟ್ಟಿದ ತೆಲುಗಿನವರು. ಬಾಳಿದ್ದು ತಮಿಳು ನೆಲದಲ್ಲಿ. ಆದರೆ ಶರೀರ ರಾಜಕುಮಾರ್ ಅವರದು, ಶಾರೀರ ಪಿ.ಬಿ.ಎಸ್. ಅವರದು ಎಂಬ ಮಾತು ಕನ್ನಡನಾಡಿನ ಮೂಲೆ ಮೂಲೆಯಲ್ಲಿತ್ತು. ಆ ಜೋಡಿ ಗಟ್ಟಿಯಾದದ್ದು ಯಾವ ಚಿತ್ರದಿಂದ ಗೊತ್ತೇ? 1960ರ ‘ಭಕ್ತ ಕನಕದಾಸ’. ಕನಕದಾಸರು ಹುಟ್ಟಿದ ಬಾಡ ಎಲ್ಲಿದೆ? ಇದೇ ಶಿಗ್ಗಾವಿ ತಾಲ್ಲೂಕಿನಲ್ಲಿ! ನಮ್ಮ ಬಾಡದ ಕನಕನಿಗೆ ತೆರೆಯ ಮೇಲೆ ದನಿಯಾದವರು ಈಗ ಉದ್ಯಾನವಾಗಿರುವ ಈ ಜಾಗದಲ್ಲಿ ದಿನಾ ಕಾಫಿ ಕುಡಿಯುತ್ತಿದ್ದರು. 2013ರ ಏಪ್ರಿಲ್ 14ರಂದು ಇದೇ ಊರಿನಲ್ಲಿ ತೀರಿಕೊಂಡರು. ಉದ್ಯಾನದ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಅವರದೊಂದು ಹಾಡು ಹಾಕಿಕೊಳ್ಳಿ. ಯಾವ ಹಾಡೆಂದು ಅಭಿಮಾನಿಗಳಿಗೆ ಹೇಳಿಕೊಡಬೇಕೆ?

ನಮ್ಮ ಜಿಲ್ಲೆಯ ನಂಟು ಇಷ್ಟಕ್ಕೇ ಮುಗಿಯಲಿಲ್ಲ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗಾನಯೋಗಿ ಪಂಚಾಕ್ಷರ ಗವಾಯಿಗಳ ಕಥೆ 1995ರಲ್ಲಿ ಸಿನಿಮಾ ಆಯಿತಲ್ಲ, ಅದರಲ್ಲಿ ಹಾಡಿ ರಾಷ್ಟ್ರ ಪ್ರಶಸ್ತಿ ಪಡೆದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅವರ ಮನೆ ಇದ್ದದ್ದು ಇಲ್ಲಿಗೆ ಹತ್ತಿರದ ನುಂಗಂಬಾಕಂನಲ್ಲಿ. 2020ರಲ್ಲಿ ಅವರು ಹೋದ ಮೇಲೆ ಆ ಬೀದಿಗೆ ಅವರದೇ ಹೆಸರಿಟ್ಟಿದ್ದಾರೆ.

ಕಂಡಕ್ಟರ್ ಮತ್ತು ಮೇಲುಕೋಟೆಯ ಹುಡುಗಿ

ಕತೀಡ್ರಲ್ ರೋಡಿನ ಮಗ್ಗುಲಲ್ಲೇ ಪೋಯಸ್ ಗಾರ್ಡನ್. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕವಾಡ್ 1973ರಲ್ಲಿ ಫಿಲ್ಮ್ ಚೇಂಬರ್ ನಡೆಸುತ್ತಿದ್ದ ನಟನಾ ಶಾಲೆ ಸೇರಲು ಮದ್ರಾಸಿಗೆ ಬಂದರು. ಎರಡೇ ವರ್ಷದಲ್ಲಿ ರಜನಿಕಾಂತ್ ಆದರು. ಪುಟ್ಟಣ್ಣ ಕಣಗಾಲರ ‘ಕಥಾ ಸಂಗಮ’ದಲ್ಲಿ (1976) ನೋಡಿದ್ದೀರಲ್ಲ, ಅದೇ ಆಸಾಮಿ. ಡಿಸೆಂಬರ್ 12ಕ್ಕೆ ಆ ಮನೆಯ ಮುಂದೆ ಜಾತ್ರೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಓದುವವರಿಗೆ ಇದಕ್ಕಿಂತ ಹುರುಪಿನ ಸುದ್ದಿ ಬೇಕೆ?

ಅದೇ ಬಡಾವಣೆಯಲ್ಲಿ ‘ವೇದ ನಿಲಯ’. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಮನೆ. ಅವರು ನಾಯಕಿಯಾಗಿ ಮೊದಲು ಕಂಡದ್ದು ಕನ್ನಡದ ‘ಚಿನ್ನದ ಗೊಂಬೆ’ಯಲ್ಲಿ (1964). ತೆಗೆದವರು ಕೋಲಾರ ಕಡೆಯ ಬಿ.ಆರ್. ಪಂತುಲು, ಬಿ. ಸರೋಜಾದೇವಿಯವರನ್ನು ಕಿತ್ತೂರು ಚೆನ್ನಮ್ಮನನ್ನಾಗಿ ಕುದುರೆ ಏರಿಸಿದ ಅದೇ ಪಂತುಲು. ಅವರ ಪದ್ಮಿನಿ ಪಿಕ್ಚರ್ಸ್ ಇದ್ದದ್ದೂ ಮದ್ರಾಸಿನಲ್ಲೇ.

ರಸ್ತೆ ಮುಂದೆ ರಾಧಾಕೃಷ್ಣನ್ ಸಾಲೈ ಆಗುತ್ತದೆ. ಇಲ್ಲಿ ಒಂದು ಕಡೆ ಸುಮ್ಮನೆ ನಿಲ್ಲಿ. ಕಲ್ಯಾಣಿ ಆಸ್ಪತ್ರೆ. ಒಳಗೆ ಹೋಗಬೇಡಿ, ರೋಗಿಗಳಿರುತ್ತಾರೆ, ಗದ್ದಲ ಮಾಡಬೇಡಿ. 1975ರ ಮಾರ್ಚ್ 17ರಂದು ಈ ಆಸ್ಪತ್ರೆಯಲ್ಲಿ ಅಣ್ಣಾವ್ರ ಕಿರಿಯ ಮಗ ಹುಟ್ಟಿದ. ನಮ್ಮ ಅಪ್ಪು. ಶಿವಣ್ಣ ಹುಟ್ಟಿದ್ದೂ ಓದಿದ್ದೂ ಮದ್ರಾಸಿನಲ್ಲೇ. ಅಪ್ಪು 2021ರ ಅಕ್ಟೋಬರ್ 29ರಂದು ಹೋದಾಗ ನಮ್ಮೂರಿನ ಪ್ರತಿ ಸರ್ಕಲ್ಲಿನಲ್ಲೂ ಫೋಟೋ, ಪ್ರತಿ ಫೋಟೋಕ್ಕೂ ಹಾರ. ಕಂಠೀರವ ಸ್ಟುಡಿಯೋದ ಸಮಾಧಿಗೆ ಹೋಗದ ಅಭಿಮಾನಿ ಇಲ್ಲ. ಹುಟ್ಟಿದ ಜಾಗದ ಮುಂದೆ ಮಾತ್ರ ಬಸ್ಸುಗಳು ತಮ್ಮ ಪಾಡಿಗೆ ತಾವು ಹೋಗುತ್ತಿರುತ್ತವೆ.

ಒಂದು ಮಾತು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಇಡೀ ದಿನ ಸುತ್ತಿದರೂ ‘ಇಲ್ಲಿ ಕನ್ನಡ ಸಿನಿಮಾ ಬೆಳೆಯಿತು’ ಎಂದು ಹೇಳುವ ಒಂದು ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ತಮಿಳಿನವರು ಯಾಕೆ ಹಾಕಬೇಕು? ಹಾಕಬೇಕಾದವರು ನಾವು. ಕಾವೇರಿ ಗಲಾಟೆ ಬಂದಾಗಲೆಲ್ಲ ಮದ್ರಾಸಿನ ಹೆಸರೆತ್ತಲಿಕ್ಕೆ ನಾಚಿದ್ದೇವೆ; ಅಲ್ಲಿ ಬೆಳೆದೆವು ಎಂದರೆ ನಮ್ಮ ಮಾನ ಹೋಗುತ್ತದೆ ಅಂದುಕೊಂಡಿದ್ದೇವೆ. ಹೋಗಲಿ, ನಮ್ಮ ನೆಲದಲ್ಲಾದರೂ ಉಳಿಸಿಕೊಂಡೆವೇ? ಹಾಸ್ಯ ನಟ ಬಾಲಕೃಷ್ಣ ಕಷ್ಟಪಟ್ಟು ಕಟ್ಟಿದ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ, ಸಾಹಸಸಿಂಹ ವಿಷ್ಣುವರ್ಧನ್ ಚಿತೆ ಉರಿದ ಜಾಗದ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ನೆಲಸಮ ಮಾಡಲಾಯಿತು. ಹೆದ್ದಾರಿ ಪಕ್ಕದ ಗೊಟಗೋಡಿಯಲ್ಲಿ ಒಬ್ಬ ಕಲಾವಿದ ಅಣ್ಣಾವ್ರ ಪಾತ್ರಗಳನ್ನು ನಿಲ್ಲಿಸಿದ್ದು ಅದಕ್ಕೇ ನನಗೆ ದೊಡ್ಡದಾಗಿ ಕಾಣುತ್ತದೆ. ಮದ್ರಾಸಿನಲ್ಲಿ ನಿಲ್ಲಿಸಬೇಕಾದದ್ದು ಮೂರ್ತಿಯಲ್ಲ; ಎ.ವಿ.ಎಂ. ಬಾಗಿಲ ಹತ್ತಿರ ಎರಡು ಸಾಲಿನ ಒಂದು ಕಲ್ಲು. ‘ಬೇಡರ ಕಣ್ಣಪ್ಪ, 1954’ ಅಂದರೂ ಸಾಕು. ಸರ್ಕಾರದ ಅಕಾಡೆಮಿ ಇದೆ, ವಾಣಿಜ್ಯ ಮಂಡಳಿ ಇದೆ, ಅಭಿಮಾನಿ ಸಂಘಗಳಂತೂ ಊರಿಗೆ ನಾಲ್ಕಿವೆ. ಒಂದು ಪತ್ರ ಬರೆಯಲಿಕ್ಕೆ ಎಷ್ಟು ಹೊತ್ತು?

ಸರಿ, ಸಂಜೆ ಆಯಿತು. ಈಗ ಸಮುದ್ರ!

ಅದೇ ರಸ್ತೆಯ ತುದಿಯಲ್ಲಿ ಮರೀನಾ. ಉದ್ದಕ್ಕೆ ಮರಳು, ಮರಳಿನ ಮೇಲೆ ಜನ, ಜನರ ನಡುವೆ ಕುದುರೆಗಳು. ಕುದುರೆಯ ಮೇಲೆ ಕೂತರೆ ನೀವೂ ‘ಮಯೂರ’. ನೀರಿಗೆ ಮಾತ್ರ ಇಳಿಯಬೇಡಿ. ಇಲ್ಲಿನ ಅಲೆಗೆ ಒಳಸೆಳೆತ ಬಹಳ, ಈಜು ಬಲ್ಲವರನ್ನೂ ಬಿಟ್ಟಿಲ್ಲ. ಬಂಡೆ ಉರುಳಿಸುವ ನಾಲ್ವರು ಕೂಲಿಗಳ ಶಿಲ್ಪ ನೋಡಿ, ದೇವಿಪ್ರಸಾದ್ ರಾಯ್ ಚೌಧುರಿಯವರು ಮಾಡಿದ್ದು. ಹಾಗೇ ಎಂ.ಜಿ.ಆರ್. ಸಮಾಧಿ. ಅದರ ಪಕ್ಕದಲ್ಲೇ ರೆಕ್ಕೆ ಬಿಚ್ಚಿದ ಹಕ್ಕಿಯಂಥ ಕಟ್ಟಡ, 2021ರಲ್ಲಿ ತೆರೆದದ್ದು. ಅದರಡಿ ಮಲಗಿರುವವರು 2016ರಲ್ಲಿ ತೀರಿಕೊಂಡ ಜಯಲಲಿತಾ. ಸುತ್ತಲಿನ ಜನರಿಗೆ ‘ಅಮ್ಮ’. ನಿಮಗೆ ಮಾತ್ರ ಗೊತ್ತು, ನಮ್ಮ ‘ಚಿನ್ನದ ಗೊಂಬೆ’ ಎಂದು.

ಸುಂಡಲ್, ಮೆಣಸಿನಕಾಯಿ ಬಜ್ಜಿ ತಿಂದು ಎಂಟು ಗಂಟೆಗೆಲ್ಲ ಸೆಂಟ್ರಲ್‌ಗೆ ಹೊರಟುಬಿಡಿ, ಟ್ರಾಫಿಕ್ಕು ಜಾಸ್ತಿ. ಬೆಂಗಳೂರು ಮೇಲ್ ರಾತ್ರಿ ಹೊರಡುತ್ತದೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದರೆ ಶಿಗ್ಗಾವಿಗೆ ಇಳಿಸುತ್ತಾರೆ. ರಿಸರ್ವೇಶನ್ ಮಾತ್ರ ಮೊದಲೇ ಮಾಡಿಸಿಟ್ಟಿರಿ. ಜನರಲ್ ಡಬ್ಬಿಯಲ್ಲಿ ಕಾಲಿಡಲಿಕ್ಕೂ ಜಾಗ ಇರುವುದಿಲ್ಲ!